ದೂರ ಒಂದೇ, ದಾರಿ ಮೂರು

ಫಿನ್ಲೆಂಡಿಗೂ ಜಪಾನಿಗೂ ನಡುವೆ ಎಷ್ಟು ದೇಶಗಳಿವೆ? ಕೇಳಿದೊಡನೆ ಮಕ್ಕಳಿರಲಿ, ದೊಡ್ಡವರೂ ಬೆರಳು ಮಡಿಸತೊಡಗುತ್ತಾರೆ. ಒಂದು ಯುರೋಪಿನ ಉತ್ತರದ ಅಂಚಿನಲ್ಲಿ, ಇನ್ನೊಂದು ಏಷ್ಯಾದ ಪೂರ್ವದ ಕೊನೆಯಲ್ಲಿ! ಆದರೆ ಸರಿಯುತ್ತರ ಒಂದೇ ಒಂದು ದೇಶ. ಅದು ರಷ್ಯಾ.

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಟೋಕಿಯೊಗೆ ನೇರ ದೂರ ಸುಮಾರು 7,800 ಕಿ.ಮೀ. ರಷ್ಯಾದ ಸೈಬೀರಿಯಾ ಮೇಲೆ ಹಾಯ್ದರೆ ವಿಮಾನಕ್ಕೆ ಸುಮಾರು ಒಂಬತ್ತೂವರೆ ಗಂಟೆ ಸಾಕು. ಆದರೆ ಆಕಾಶಕ್ಕೂ ಬೇಲಿಯುಂಟು. 1944ರ ಷಿಕಾಗೊ ಒಪ್ಪಂದದ ಪ್ರಕಾರ ತನ್ನ ನೆಲದ ಮೇಲಿನ ಆಕಾಶದ ಹಕ್ಕು ಆಯಾ ದೇಶದ್ದೇ. ಅದು ಒಲ್ಲೆನೆಂದರೆ ಬೇರೆಯವರ ವಿಮಾನ ಸುತ್ತಿ ಹೋಗಬೇಕು.

ಶೀತಲ ಸಮರದ ದಿನಗಳಲ್ಲಿ ಸೋವಿಯತ್ ಒಕ್ಕೂಟ ಸೈಬೀರಿಯಾದ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತ್ತು. ಹಾಗಾಗಿ 1957ರಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ವಿಮಾನಗಳು ಡೆನ್ಮಾರ್ಕಿನ ಕೋಪನ್‌ಹೇಗನ್‌ನಿಂದ ಹೊರಟು, ಉತ್ತರ ಧ್ರುವ ಪ್ರದೇಶ ದಾಟಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊ ತಲುಪತೊಡಗಿದವು. 1983ರಲ್ಲಿ ಫಿನ್‌ಏರ್ ಸಂಸ್ಥೆಯ ಡಿಸಿ-10 ವಿಮಾನ ಎಲ್ಲೂ ನಿಲ್ಲದೆ, ಧ್ರುವದ ದಾರಿಯಲ್ಲೇ ಹೆಲ್ಸಿಂಕಿಯಿಂದ ಟೋಕಿಯೊಗೆ ಹಾರಿತು. ಹಿಡಿದ ಸಮಯ ಸುಮಾರು ಹದಿಮೂರು ಗಂಟೆ!

ಬೇಲಿ ದಾಟಿದರೆ ಏನಾದೀತು ಎಂಬುದೂ ಅದೇ ವರ್ಷ ಜಗತ್ತಿಗೆ ತಿಳಿಯಿತು. ಸೆಪ್ಟೆಂಬರ್ 1ರಂದು ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯಾದ ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕಿತು. ಅದನ್ನು ಹೊಡೆದುರುಳಿಸಲಾಯಿತು. ಸತ್ತವರು 269 ಮಂದಿ.

ಮುಂದೆ ಕಾಲ ಬದಲಾಯಿತು. ಸೈಬೀರಿಯಾದ ಬಾಗಿಲು ತೆರೆಯಿತು. ಯುರೋಪಿನಿಂದ ಜಪಾನಿಗೆ ಹೋಗುವವರಿಗೆ ಹೆಲ್ಸಿಂಕಿ ವಿಮಾನ ಬದಲಿಸಲು ಅನುಕೂಲದ ಊರಾಯಿತು. ಆದರೆ 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿಯಿಟ್ಟಿತು. ಯುರೋಪಿನ ಒಕ್ಕೂಟ ರಷ್ಯಾದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ರಷ್ಯಾವೂ ಹಾಗೆಯೇ ಮಾಡಿತು. ಮಾರ್ಚಿನಲ್ಲಿ ಫಿನ್‌ಏರ್ ಟೋಕಿಯೊಗೆ ಮತ್ತೆ ಹಾರಿದ್ದು ಸುತ್ತಿನ ದಾರಿಗಳಲ್ಲಿ. ಒಂದು, ಧ್ರುವದ ಮೇಲಿನ ಹಳೆಯ ದಾರಿ. ಇನ್ನೊಂದು, ಟರ್ಕಿ, ಕಜಾಕ್‌ಸ್ತಾನ, ಚೀನಾಗಳನ್ನು ಹಾಯುವ ದಕ್ಷಿಣದ ದಾರಿ. ಧ್ರುವ ದಾಟಿದ ಪ್ರಯಾಣಿಕರಿಗೆ ಪ್ರಮಾಣಪತ್ರವೂ ಸಿಕ್ಕಿತೆನ್ನಿ! ಆದರೆ ಹಿಡಿದ ಸಮಯ ಮತ್ತೆ ಸುಮಾರು ಹದಿಮೂರು ಗಂಟೆ. ವಿಮಾನ ಹೊಸ ಏರ್‌ಬಸ್ ಎ350. ಗಡಿಯಾರ ಮಾತ್ರ 1983ರದ್ದು.

ಮನೆಯಲ್ಲೋ ಶಾಲೆಯಲ್ಲೋ ಗ್ಲೋಬ್ ಇದ್ದರೆ ಅಪ್ಪ, ಅಮ್ಮ, ಮಕ್ಕಳು ಸೇರಿ ಒಂದು ದಾರ ಹಿಡಿದು ನೋಡಬಹುದು. ಗೋಡೆಯ ಭೂಪಟ ಇಲ್ಲಿ ಮೋಸ ಮಾಡುತ್ತದೆ. ಮೊದಲು ಹೆಲ್ಸಿಂಕಿಯಿಂದ ಟೋಕಿಯೊಗೆ ದಾರವನ್ನು ಬಿಗಿಯಾಗಿ ಎಳೆಯಿರಿ. ಆಮೇಲೆ ರಷ್ಯಾವನ್ನು ಮುಟ್ಟದೆ, ಉತ್ತರ ಧ್ರುವವನ್ನು ದಾಟಿಸಿ, ಅಲಾಸ್ಕಾದ ಕಡೆಯಿಂದ ತನ್ನಿ. ಎಷ್ಟು ದಾರ ಹೆಚ್ಚು ಬೇಕಾಯಿತೋ ಅಷ್ಟೂ ಜಗಳದ ಲೆಕ್ಕ.