ಟಾರ್ಪಾಲು ಹೊದ್ದ ಕಾರು

ಮೆಕ್ಯಾನಿಕಲ್ ಬ್ಲಾಕಿನ ಹಿಂದೆ ಹಳೇ ಲೇತ್ ಮಶೀನುಗಳನ್ನು ತುಂಬಿಟ್ಟ ಶೆಡ್ ಇದೆಯಲ್ಲ, ಅದರ ಮೂಲೆಯಲ್ಲಿ ನೀಲಿ ಟಾರ್ಪಾಲು ಹೊದ್ದುಕೊಂಡು ಒಂದು ಕಾರು ನಿಂತಿತ್ತು. ನೀವೂ ನೋಡಿರ್ತೀರ. ಪಾರ್ಕಿಂಗ್‌ನಲ್ಲಿ ಜಾಗ ಸಿಗದ ದಿನ ಅದರ ಪಕ್ಕದಲ್ಲೇ ಬೈಕ್ ನಿಲ್ಲಿಸಿ ಇಂಟರ್ನಲ್ಸ್‌ಗೆ ಓಡಿರ್ತೀರ. ಅದು ನಮಗಿಂತ ಮೂರು ಬ್ಯಾಚ್ ಹಿಂದಿನವರು ಕಟ್ಟಿದ ಫಾರ್ಮುಲಾ ಕಾರು. ಬೈಕಿನ ಎಂಜಿನ್, ಸ್ಟೀಲ್ ಪೈಪುಗಳನ್ನು ವೆಲ್ಡ್ ಮಾಡಿ ಮಾಡಿದ ಚಾಸಿ, ಫೈಬರ್ ಮೂಗು. ಲಾರಿಯಲ್ಲಿ ಕೊಯಮತ್ತೂರಿನ ಕರಿ ಟ್ರ್ಯಾಕ್‌ವರೆಗೂ ಹೋಗಿತ್ತು. ಬ್ರೇಕ್ ಟೆಸ್ಟಿನಲ್ಲಿ ನಾಲ್ಕೂ ಚಕ್ರ ಒಟ್ಟಿಗೆ ಲಾಕ್ ಆಗಲಿಲ್ಲ. ಟೆಸ್ಟ್ ಪಾಸಾಗದಿದ್ದರೆ ಟ್ರ್ಯಾಕಿಗೆ ಬಿಡಲ್ಲ. ಹಾಗಾಗಿ ಒಂದು ಲ್ಯಾಪೂ ಓಡದೆ ಅದೇ ಲಾರಿಯಲ್ಲಿ ವಾಪಸ್ ಬಂತು.

ಈ ಸೆಮಿಸ್ಟರ್ ನಮ್ಮ ಟೀಮಿನ ಮುಂದಿದ್ದ ಪ್ರಶ್ನೆ ಒಂದೇ. ಅದನ್ನ ಬಿಚ್ಚೋದಾ, ಬೇಡ್ವಾ?

ನಾವು ಈ ಸಲ ಎಲೆಕ್ಟ್ರಿಕ್ ಕಾರು ಮಾಡಲು ಹೊರಟಿದ್ದೇವೆ. ಕೈಗೆ ಸಿಕ್ಕ ದುಡ್ಡು ಬ್ಯಾಟರಿ ಸೆಲ್, ಮೋಟರ್, ಕಂಟ್ರೋಲರ್‌ಗೇ ಮುಗಿದುಹೋಗುತ್ತೆ. ಸ್ಟೀರಿಂಗ್ ರ‍್ಯಾಕ್, ಅಪ್‌ರೈಟ್, ಬ್ರೇಕ್ ಕ್ಯಾಲಿಪರ್, ಚಕ್ರ ಇವೆಲ್ಲ ಟಾರ್ಪಾಲಿನ ಕೆಳಗೆ ಸುಮ್ಮನೆ ಕೂತಿವೆ. ಬಿಚ್ಚಿದರೆ ನಮ್ಮ ಕಾರು ಆಗುತ್ತೆ, ಅವರದು ಹೋಗುತ್ತೆ. ಅರ್ಧ ಜನ ‘ಬಿಚ್ಚೋಣ’ ಅಂದೆವು. ಇನ್ನರ್ಧ ಜನ ‘ಸೀನಿಯರ್ಸ್ ಎರಡು ವರ್ಷ ನಿದ್ದೆಗೆಟ್ಟು ಮಾಡಿದ್ದು, ಗುಜರಿ ಥರ ಕೀಳೋದಾ?’ ಅಂದೆವು. ಹಾಸ್ಟೆಲಿನಲ್ಲಿ ರಾತ್ರಿ ಎರಡರವರೆಗೂ ಜಗಳ. ಆಗ ನಮ್ಮಲ್ಲೊಬ್ಬ ಫೋನಿನಲ್ಲಿ ಒಂದು ಫೋಟೋ ತೋರಿಸಿ, ‘ಇದಕ್ಕೇ ಹೀಗಾಯ್ತು, ನಮ್ಮದು ಯಾವ ಲೆಕ್ಕ ಮಗಾ?’ ಅಂದ. ಜಾಗ್ವಾರ್ ಸಿ-ಎಕ್ಸ್75.

ಆ ಕಾರಿನ ಕಥೆ ಕೇಳಿದರೆ ಮೆಕ್ಯಾನಿಕಲ್, ಇ ಅಂಡ್ ಇ ಎರಡೂ ಬ್ರ್ಯಾಂಚಿನವರಿಗೆ ಹೊಟ್ಟೆ ಉರಿಯುತ್ತೆ. 2010ರ ಪ್ಯಾರಿಸ್ ಮೋಟಾರ್ ಶೋದಲ್ಲಿ, ಟಾಟಾ ಕಂಪನಿ ಜಾಗ್ವಾರನ್ನು ಕೊಂಡ ಎರಡು ವರ್ಷಕ್ಕೆ, ಇದನ್ನು ತೋರಿಸಿದರು. ಒಂದೊಂದು ಚಕ್ರಕ್ಕೆ ಒಂದೊಂದರಂತೆ 145 ಕಿಲೋವ್ಯಾಟಿನ ನಾಲ್ಕು ಮೋಟರ್. ಹಿಂದೆ ಎರಡು ಪುಟ್ಟ ಗ್ಯಾಸ್ ಟರ್ಬೈನ್, ಒಂದೊಂದೂ ನಿಮಿಷಕ್ಕೆ 80,000 ಸುತ್ತು ತಿರುಗುವಂಥದ್ದು. ಟರ್ಬೈನ್ ಚಕ್ರಗಳನ್ನು ನೇರವಾಗಿ ತಿರುಗಿಸುವುದಿಲ್ಲ. ಜನರೇಟರ್ ತಿರುಗಿಸಿ ಬ್ಯಾಟರಿ ತುಂಬಿಸುವುದು, ಬೇಕಾದಾಗ ಮೋಟರಿಗೆ ನೇರವಾಗಿ ವಿದ್ಯುತ್ ಕೊಡುವುದು ಅದರ ಕೆಲಸ. ಥರ್ಮೋಡೈನಮಿಕ್ಸಿನಲ್ಲಿ ಬ್ರೇಟನ್ ಸೈಕಲ್ ಬರೆದು ಬರೆದು ಬೇಸತ್ತ ನಮಗೆ, ಅದೇ ಸೈಕಲ್ ಸ್ಪೋರ್ಟ್ಸ್ ಕಾರಿನ ಬೆನ್ನ ಮೇಲೆ ಕೂತಿರುವುದು ಕಂಡರೆ ಹೇಗಿರಬೇಡ!

2011ರಲ್ಲಿ ಕಂಪನಿ ‘250 ಕಾರು ಮಾಡ್ತೀವಿ’ ಎಂದು ಘೋಷಿಸಿತು. ಫಾರ್ಮುಲಾ ಒನ್‌ನ ವಿಲಿಯಮ್ಸ್ ಜೊತೆಗೆ ನಿಂತಿತು. ಟರ್ಬೈನ್ ಆಗಲೇ ಕೈಬಿಟ್ಟಾಗಿತ್ತು. ಅದರ ಬದಲು 1.6 ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್ ಬಂತು. ಟರ್ಬೋ, ಸೂಪರ್‌ಚಾರ್ಜರ್ ಎರಡನ್ನೂ ಹೊತ್ತು ಅದೊಂದೇ ಸುಮಾರು 500 ಅಶ್ವಶಕ್ತಿ ಕೊಡುತ್ತಿತ್ತು. ಪ್ರೊಟೊಟೈಪುಗಳು ಓಡಿದವು, ಚೆನ್ನಾಗಿಯೇ ಓಡಿದವು. ಆದರೂ 2012ರ ಡಿಸೆಂಬರಿನಲ್ಲಿ, ಆರ್ಥಿಕ ಪರಿಸ್ಥಿತಿ ಸರಿಯಿಲ್ಲ ಎಂಬ ಕಾರಣ ಕೊಟ್ಟು ಯೋಜನೆ ನಿಲ್ಲಿಸಿದರು.

ನಮ್ಮನ್ನು ಕಾಡಿದ್ದು ಇದೇ. ಪರೀಕ್ಷೆಯಲ್ಲಿ ಫೇಲಾಗಿ ನಿಂತಿದ್ದರೆ ಒಂದು ಸಮಾಧಾನ. ಪಾಸಾಗಿಯೂ ಸೀಟು ಸಿಗಲಿಲ್ಲ ಅಂದರೆ?

ಅದೇ 2010ರಲ್ಲಿ, ಜಿನೀವಾ ಶೋದಲ್ಲಿ ಪೋರ್ಷೆ ಕಂಪನಿ 918 ಸ್ಪೈಡರ್ ತೋರಿಸಿತ್ತು. ಅದೂ ಹೈಬ್ರಿಡ್, ಅದೂ ಕಾನ್ಸೆಪ್ಟ್. ಆದರೆ ಅದು 2013ರಲ್ಲಿ ಕಾರ್ಖಾನೆಯಿಂದ ಹೊರಗೆ ಬಂತು, ಹೆಸರಿಗೆ ತಕ್ಕಂತೆ 918 ಕಾರು ಮಾಡಿದರು. ಪೋರ್ಷೆ ಬಳಿ ಹಿಂದೆ ಕರೇರಾ ಜಿಟಿ ಮಾಡಿ ಮಾರಿದ ಅನುಭವವಿತ್ತು. ಎಂಜಿನ್ನಿನ ಬೇರು ಅವರದೇ ರೇಸ್ ಕಾರಿನಲ್ಲಿತ್ತು. ಜಾಗ್ವಾರ್ ಹೆಚ್ಚುಕಮ್ಮಿ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿತ್ತು.

ಒಂದು ಲೆಕ್ಕ ಮಾಡೋಣ. ಹೊಸ ಕಾರೊಂದನ್ನು ರೂಪಿಸಿ, ಗೋಡೆಗೆ ಗುದ್ದಿಸಿ ಪರೀಕ್ಷಿಸಿ, ಹೊಗೆಯ ನಿಯಮಗಳಿಗೆ ಪಾಸು ಮಾಡಿಸಲು 500 ಕೋಟಿ ರೂಪಾಯಿ ಬೇಕು ಅಂತ ಸುಮ್ಮನೆ ಇಟ್ಟುಕೊಳ್ಳಿ. ಎರಡೂವರೆ ಲಕ್ಷ ಕಾರು ಮಾರಿದರೆ ಒಂದೊಂದರ ಮೇಲೆ ಬೀಳುವುದು 20,000 ರೂಪಾಯಿ. 250 ಕಾರು ಮಾರಿದರೆ ಒಂದೊಂದರ ಮೇಲೆ 2 ಕೋಟಿ. ಒಂದು ಬೋಲ್ಟು ಕೊಳ್ಳುವ ಮುಂಚೆಯೇ ಅಷ್ಟು. ಕ್ರ್ಯಾಶ್ ಟೆಸ್ಟಿನ ಗೋಡೆಗೆ ನೀವು ಎಷ್ಟು ಕಾರು ಮಾರ್ತೀರ ಅನ್ನೋದು ಗೊತ್ತಾಗಲ್ಲ.

ನಮ್ಮ ದೇಶದಲ್ಲೂ ಇದೇ ಲೆಕ್ಕಕ್ಕೆ ಎರಡು ಕನಸು ಬಲಿಯಾಗಿವೆ. 2014ರ ಆಟೋ ಎಕ್ಸ್‌ಪೋದಲ್ಲಿ ಮಹೀಂದ್ರ ‘ಹೇಲೋ’ ಎಂಬ ಎರಡು ಸೀಟಿನ ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ತೋರಿಸಿತು. ಅದರ ಹಿಂದಿದ್ದದ್ದು ನಮ್ಮ ಬೆಂಗಳೂರಿನ ರೇವಾ. 2001ರಲ್ಲೇ ಪುಟಾಣಿ ಎಲೆಕ್ಟ್ರಿಕ್ ಕಾರನ್ನು ರಸ್ತೆಗೆ ಬಿಟ್ಟು, ನಗುವವರ ನಡುವೆಯೇ ಓಡಾಡಿದ ಕಂಪನಿ. ಹೇಲೋ ಗಂಟೆಗೆ 160 ಕಿಲೋಮೀಟರ್ ಓಡುತ್ತೆ, ನೂರು ಮುಟ್ಟಲು ಎಂಟು ಸೆಕೆಂಡು ಅಂತ ಹೇಳಿದ್ದರು. ರಸ್ತೆಗೆ ಬರಲೇ ಇಲ್ಲ. 2017ರಲ್ಲಿ ಟಾಟಾ ಜಿನೀವಾದಲ್ಲಿ ‘ರೇಸ್ಮೋ’ ತೋರಿಸಿತು. 1.2 ಲೀಟರ್ ಟರ್ಬೋ ಎಂಜಿನ್, 190 ಪಿಎಸ್, ಆರು ಸೆಕೆಂಡಿನೊಳಗೆ ನೂರು. ಮರುವರ್ಷವೇ ಅದನ್ನು ಬದಿಗಿಟ್ಟರು. ಬೈದು ಪ್ರಯೋಜನವಿಲ್ಲ. ನಾವೇ ಆ ಕಂಪನಿಯ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೂತಿದ್ದರೂ ಅದೇ ಸಹಿ ಹಾಕ್ತಿದ್ದೆವೇನೋ.

ಮೋಟರ್ ಬಂದ ಮೇಲೆ ಎಲ್ಲ ಸುಲಭ ಆಗುತ್ತೆ ಅಂತ ನಾವೂ ಅಂದುಕೊಂಡಿದ್ದೆವು. ಶಕ್ತಿಯ ಮಟ್ಟಿಗೆ ನಿಜ. ಹೇಲೋ ಮಾಡದ ಅದೇ ಮಹೀಂದ್ರದ ಒಡೆತನದಲ್ಲಿರುವ ಆಟೊಮೊಬಿಲಿ ಪಿನಿನ್‌ಫರೀನಾ ಕಂಪನಿಯ ‘ಬತ್ತಿಸ್ತಾ’ 1,900 ಅಶ್ವಶಕ್ತಿಯದು, ಎರಡು ಸೆಕೆಂಡಿನೊಳಗೆ ನೂರು ಮುಟ್ಟುತ್ತೆ. ಆದರೆ ಅದು 150 ಕಾರುಗಳಿಗೆ ಸೀಮಿತ, ಬೆಲೆಯಂತೂ ನಮ್ಮ ಕ್ಯಾಲ್ಕ್ಯುಲೇಟರಿಗೆ ನಿಲುಕಲ್ಲ. 2017ರ ನವೆಂಬರಿನಲ್ಲಿ ತೋರಿಸಿ 2020ಕ್ಕೆ ಬರುತ್ತೆ ಅಂದಿದ್ದ ಟೆಸ್ಲಾ ರೋಡ್‌ಸ್ಟರ್ 2025 ಮುಗಿದರೂ ಗ್ರಾಹಕರ ಕೈ ಸೇರಲಿಲ್ಲ. ಇನ್ನು ಮನೆಮಂದಿ ಎಲ್ಲ ಕೂರುವ ಎಲೆಕ್ಟ್ರಿಕ್ ಕಾರುಗಳೇ ನಾಲ್ಕು ಸೆಕೆಂಡಿನಲ್ಲಿ ನೂರು ದಾಟುತ್ತಿರುವಾಗ, ಸೆಕೆಂಡು ತೋರಿಸಿ ಸ್ಪೋರ್ಟ್ಸ್ ಕಾರು ಮಾರುವುದಾದರೂ ಹೇಗೆ? ಉಳಿಯುವುದು ತೂಕ, ತಿರುವು, ಸ್ಟೀರಿಂಗಿನಲ್ಲಿ ಕೈಗೆ ಸಿಗುವ ರಸ್ತೆಯ ಸುದ್ದಿ. ಬ್ಯಾಟರಿಯ ಭಾರದ ಜೊತೆ ಅದನ್ನು ಕೊಡುವುದೇ ಕಷ್ಟದ ಕೆಲಸ. ಕಾನ್ಸೆಪ್ಟುಗಳು ಮೆರೆಯುತ್ತಿದ್ದ ವೇದಿಕೆಯೂ ಕುಗ್ಗಿದೆ. ಜಿನೀವಾ ಶೋ ಆ ಊರಿನಲ್ಲಿ 2024ರಲ್ಲಿ ನಡೆದದ್ದೇ ಕೊನೆ ಅಂತ ಸಂಘಟಕರು ಹೇಳಿಬಿಟ್ಟರು.

ಹಾಗಾದರೆ ಸಿ-ಎಕ್ಸ್75 ಸತ್ತೇಹೋಯಿತಾ? ಪೂರ್ತಿ ಇಲ್ಲ. 2015ರಲ್ಲಿ ಜೇಮ್ಸ್ ಬಾಂಡ್‌ನ ‘ಸ್ಪೆಕ್ಟರ್’ ಸಿನಿಮಾದಲ್ಲಿ ರೋಮ್ ಬೀದಿಗಳಲ್ಲಿ ವಿಲನ್ ಓಡಿಸುವ ಕಾರು ಇದೇ. ಆದರೆ ಸ್ಟಂಟಿಗೆ ಬಳಸಿದ ಕಾರುಗಳ ಒಳಗೆ ಹೈಬ್ರಿಡ್ ಇರಲಿಲ್ಲ, ದೊಡ್ಡ ವಿ8 ಪೆಟ್ರೋಲ್ ಎಂಜಿನ್ ಕೂರಿಸಿದ್ದರು. ಆಮೇಲೆ, ಅದರ ವಿನ್ಯಾಸದ ಮುಖ್ಯಸ್ಥರಾಗಿದ್ದ ಇಯಾನ್ ಕ್ಯಾಲಮ್ ಜಾಗ್ವಾರ್ ಬಿಟ್ಟು ಸ್ವಂತ ಕಂಪನಿ ಕಟ್ಟಿದರು. ಅವರ ತಂಡ ಆ ಸ್ಟಂಟ್ ಕಾರುಗಳಲ್ಲಿ ಒಂದನ್ನು ರಿಪೇರಿ ಮಾಡಿ, ರಸ್ತೆಯ ನಿಯಮಗಳಿಗೆ ಒಗ್ಗಿಸಿ, 2024ರಲ್ಲಿ ರಸ್ತೆಗಿಳಿಸಿತು. ಹದಿನಾಲ್ಕು ವರ್ಷಕ್ಕೆ ಒಂದು ಕಾರು! ಮೈ ಅದೇ, ಹೃದಯ ಬೇರೆ. ಇದು ಗೆಲುವೋ ಸೋಲೋ ಅಂತ ನಮ್ಮ ರೂಮಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಜಗಳ ಮುಗಿಯದೆ, ಕೊನೆಗೆ ಆ ಹಳೇ ಟೀಮಿನ ಕ್ಯಾಪ್ಟನ್‌ಗೇ ಫೋನ್ ಮಾಡಿದೆವು. ಅವರು ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾರೆ. ‘ಅಣ್ಣಾ, ನಿಮ್ಮ ಕಾರು ಬಿಚ್ಚಬೇಕು ಅಂತಿದೀವಿ, ಬೇಜಾರಾಗಲ್ವಾ?’ ಅಂದೆವು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಬಿಚ್ರೋ. ಪೂಜೆ ಮಾಡಕ್ಕೆ ಇಟ್ಟಿದೀವಾ ಅದನ್ನ? ಆದ್ರೆ ಬಿಚ್ಚೋ ಮುಂಚೆ ಪ್ರತಿಯೊಂದನ್ನೂ ಅಳತೆ ಮಾಡಿ ಬರ‍್ಕೊಳ್ಳಿ. ನಾವು ಬರೆದಿಡ್ಲಿಲ್ಲ’ ಅಂದರು.

ಅಲ್ಲಿಂದ ಮೂರು ಶನಿವಾರ ಹಿಡಿಯಿತು. ಹಿಂದಿನ ಎಡಚಕ್ರದ ಮೇಲಿನ ವಿಶ್‌ಬೋನ್ ಕೂರುವ ಜಾಗದಲ್ಲಿ ಒಂದೊಂದು ಮಿಲಿಮೀಟರಿನ ಮೂರು ಶಿಮ್ ಇದ್ದವು. ಬಲಗಡೆ ಒಂದೇ. ಇದೇನು ಅಂತ ಮತ್ತೆ ಫೋನ್. ವೆಲ್ಡಿಂಗ್ ಶಾಖಕ್ಕೆ ಚಾಸಿ ಎಳೆದುಕೊಂಡು ಒಂದು ಕಡೆ ಎರಡು ಮಿಲಿಮೀಟರ್ ಆಚೀಚೆ ಆಗಿತ್ತಂತೆ, ಹೊರಡುವ ಹಿಂದಿನ ರಾತ್ರಿ ಕ್ಯಾಂಬರ್ ಸರಿಮಾಡಲು ಹಾಕಿದ್ದಂತೆ. ಪೆಡಲ್ ಹತ್ತಿರ ಹೋದಾಗ ಇನ್ನೊಂದು ಸಿಕ್ಕಿತು. ಬ್ರೇಕಿನ ಬ್ಯಾಲೆನ್ಸ್ ಬಾರ್ ಪೂರ್ತಿ ಮುಂದಿನ ಸಿಲಿಂಡರಿನ ಕಡೆಗೇ ತಿರುಗಿತ್ತು. ‘ಮೊದಲು ಮುಂದಿನವು ಲಾಕ್ ಆಗ್ತಿರಲಿಲ್ಲ, ಅದಕ್ಕೆ ತಿರುಗಿಸ್ತಾ ಹೋದ್ವಿ. ಅವು ಲಾಕ್ ಆದವು, ಹಿಂದಿನವು ಬಿಟ್ಟವು. ಅಷ್ಟರಲ್ಲಿ ಟೈಮ್ ಮುಗೀತು’ ಅಂದರು. ಮೂರು ವರ್ಷ ಕ್ಯಾಂಪಸ್ಸಿನಲ್ಲಿ ‘ಆ ಕಾರು ಫೇಲು’ ಅನ್ನೋ ಮಾತು ಮಾತ್ರ ಓಡಾಡಿತ್ತು. ಯಾಕೆ ಫೇಲು ಅನ್ನೋದು ಟಾರ್ಪಾಲಿನ ಕೆಳಗೇ ಉಳಿದಿತ್ತು.

ನಮ್ಮ ಎಲೆಕ್ಟ್ರಿಕ್ ಕಾರೂ ಓಡುತ್ತೆ ಅಂತ ಗ್ಯಾರಂಟಿ ಏನಿಲ್ಲ. ಬ್ಯಾಟರಿ ಪೆಟ್ಟಿಗೆಯೇ ಇನ್ನೂ ಇನ್ಸುಲೇಷನ್ ಪರೀಕ್ಷೆ ಮುಟ್ಟಿಲ್ಲ, ಮಧ್ಯೆ ಪ್ಲೇಸ್‌ಮೆಂಟ್ ಗಲಾಟೆ ಬೇರೆ. ನಿಲ್ಲಿಸಬೇಕಾಗಿ ಬಂದರೂ ಬರಬಹುದು. ಅದಕ್ಕೇ ನಮ್ಮ ಶೀಟಿನಲ್ಲಿ ಭಾಗದ ಹೆಸರು, ಅಳತೆ ಇವುಗಳ ಪಕ್ಕ ಇನ್ನೊಂದು ಕಾಲಂ ಹಾಕಿದ್ದೇವೆ: ‘ಯಾಕೆ’. ದಿನಾ ರಾತ್ರಿ ವರ್ಕ್‌ಶಾಪಿಗೆ ಬೀಗ ಹಾಕುವ ಮುಂಚೆ ಅದನ್ನು ತುಂಬಬೇಕು. ತುಂಬದವನು ಮರುದಿನ ಎಲ್ಲರಿಗೂ ಚಹಾ ಕೊಡಿಸಬೇಕು. ಇಲ್ಲಿಯವರೆಗೆ ಒಂಬತ್ತು ಸಲ ಚಹಾ ಕುಡಿದಿದ್ದೇವೆ.

ಹಳೇ ಕಾರಿನ ಚಾಸಿ ಮಾತ್ರ ಶೆಡ್ಡಿನಲ್ಲೇ ಇದೆ, ಗುಜರಿಗೆ ಹಾಕಿಲ್ಲ. ವೆಲ್ಡಿಂಗಿನಿಂದ ಪೈಪು ಎಷ್ಟು ಎಳೆದುಕೊಳ್ಳುತ್ತೆ ಅಂತ ಕಣ್ಣಾರೆ ನೋಡಬೇಕೆನ್ನುವ ಜೂನಿಯರ್ಸ್ ಯಾವಾಗ ಬೇಕಾದರೂ ಬನ್ನಿ. ಟಾರ್ಪಾಲು ತೆಗೆದಿದ್ದೇವೆ.