ಕಳೆದುಹೋದ ತಾಪ

2009ರಲ್ಲಿ ಕೋಲಾರದಲ್ಲಿ ದೇಶೀಯ ವಾಂಕೆಲ್ ಎಂಜಿನ್ ಹೊತ್ತ ‘ನಿಶಾಂತ್’ ಹಾರಿದಂದಿನಿಂದ ರೋಟರಿ ಯಂತ್ರಗಳ ಮೋಹ ನಮಗೆ ಅಂಟಿತು. ಅವಕ್ಕೆ ಕವಾಟಗಳಿಲ್ಲ, ದಹನ ಪೂರ್ಣವಾಗುವ ಮೊದಲೇ ಅನಿಲ ಹೊರನುಗ್ಗುತ್ತದೆ. ಟರ್ಬೊ ಚಕ್ರದ ಮುಂದೆ ತಾಪ 900 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಚಕ್ರದ ಹಿಂದೆ ಅಳೆದರೆ ಕಡಿಮೆ ಕಾಣುತ್ತದೆ.

ನಮ್ಮ ಪರೀಕ್ಷಾಪೀಠದಲ್ಲೊಮ್ಮೆ ಕ್ರೋಮೆಲ್–ಅಲ್ಯುಮೆಲ್ ತಂತಿ ಸಾಲದೆ ತಾಮ್ರವನ್ನು ಬೆಸೆದೆವು. ಬೆಸುಗೆ ಎಂಜಿನ್ನಿನ ಬಿಸಿಯಲ್ಲಿತ್ತು, ಮಾಪಕ ತಂಪಿನಲ್ಲಿತ್ತು; ಆ ಅಂತರದಷ್ಟು ತಾಪ ಲೆಕ್ಕದಿಂದ ಜಾರಿಹೋಯಿತು. ಮಾಪಕ ಕ್ಷೇಮವೆಂದಿತು, ಟರ್ಬೈನಿನ ಅಲಗುಗಳು ಸೀಳಿದವು. ಇಂಧನ ಹೊಂದಿಸಿದ್ದ ಗೆಳೆಯನನ್ನು ದೂಷಿಸಿದೆವು, ಆತ ದೂರವಾದ.

ಮೊನ್ನೆ ಕೋಲ್ಕತ್ತದಲ್ಲಿ ಸರಿಯಾದ ತಂತಿ ಕೊಂಡು, ಬಿಬಿಡಿ ಬಾಗ್‌ನ ಲಾಲ್ ದಿಘಿಯ ದಡದಲ್ಲಿ ಕುಳಿತು ಆತನಿಗೊಂದು ಪತ್ರ ಬರೆದೆವು. ತಪ್ಪು ಬೆಸುಗೆಯದು, ಅಂದರೆ ನಮ್ಮದು. ಎದುರಿಗೇ ದೊಡ್ಡ ಅಂಚೆ ಕಚೇರಿ, ಮೆಟ್ಟಿಲೇರಿದೆವು.