ಸಮೀಪದರ್ಶನ

ಇರುವ ವಸ್ತುವೂ ಕಣ್ಣಿಗೆ ಕಾಣದಿರುವುದಕ್ಕೆ ಸಾಂಖ್ಯಕಾರಿಕೆಯು ಎಂಟು ಕಾರಣಗಳನ್ನು ಎಣಿಸಿದೆ. ಅತಿದೂರವು ಮೊದಲನೆಯದು, ಅತಿಸಾಮೀಪ್ಯವು ಎರಡನೆಯದು. ಕಣ್ಣಿಗೆ ಹಚ್ಚಿದ ಕಾಡಿಗೆಯು ಆ ಕಣ್ಣಿಗೇ ಕಾಣದೆಂಬುದು ಭಾಷ್ಯದ ದೃಷ್ಟಾಂತ. ಮನಸ್ಸು ನೆಲೆಯಲ್ಲಿಲ್ಲದಿರುವುದು ನಾಲ್ಕನೆಯದು. ವಸ್ತುವಿನ ಸೂಕ್ಷ್ಮತೆಯು ಐದನೆಯದು. ದಸರೆಯ ರಜೆಯಲ್ಲಿ ಹೊಸ ಮ್ಯಾಕ್ರೋ ಲೆನ್ಸನ್ನು ಕ್ಯಾಮರಾಕ್ಕೆ ಜೋಡಿಸಿ ಹಿತ್ತಲಿಗಿಳಿಯುವ ತರುಣನು ಈ ಶಾಸ್ತ್ರವನ್ನು ಓದಿರಲಾರನು. ಆದರೂ ಅವನ ಕಲಿಕೆಯೆಲ್ಲವೂ ಇದರ ವ್ಯಾಖ್ಯಾನವೇ ಆಗಿರುತ್ತದೆ.

ಸಾಮೀಪ್ಯ, ಸೂಕ್ಷ್ಮತೆ ಎಂಬೆರಡು ಅಡ್ಡಿಗಳನ್ನು ಮಸೂರವು ತಾನಾಗಿಯೇ ಕಳೆಯುತ್ತದೆ. ಸಾಧಾರಣ ಮಸೂರವು ವಸ್ತುವಿನ ತೀರ ಹತ್ತಿರಕ್ಕೆ ಹೋದರೆ ಬಿಂಬವು ಕಲಸಿಹೋಗುವುದು. ಇದಾದರೋ ಗೇಣಿಗಿಂತ ಕಡಮೆ ದೂರದಿಂದಲೂ ಸ್ಪಷ್ಟವಾಗಿ ನೋಡಬಲ್ಲದು. ವಸ್ತುವಿನಷ್ಟೇ ದೊಡ್ಡ ಬಿಂಬವನ್ನು ಯಂತ್ರದೊಳಗೆ ಮೂಡಿಸಬಲ್ಲದು. ಆ ಬಿಂಬವು ಬೀಳುವ ಫಲಕವು 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲವುಳ್ಳದ್ದಾದರೆ, ಒಂದು ಸಣ್ಣ ಪಾತರಗಿತ್ತಿಯೇ ಚಿತ್ರವನ್ನೆಲ್ಲ ತುಂಬುವುದು. ಬೆರಳಿಗಂಟುವ ಬರಿಯ ಹುಡಿಯೆಂದು ತಿಳಿದಿದ್ದುದು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಹುರುಪೆಗಳ ಸಾಲೆಂದು ಆಗ ತಿಳಿಯುತ್ತದೆ.

ಆದರೆ ಹತ್ತಿರ ಹೋದಷ್ಟೂ ಬೆಲೆ ತೆರಬೇಕು. ಇಷ್ಟು ಸಮೀಪದಲ್ಲಿ ಫಲಕಕ್ಕೆ ದೊರೆಯುವ ಬೆಳಕು ದೂರದ ಚಿತ್ರಕ್ಕೆ ದೊರೆಯುವುದರ ಕಾಲುಪಾಲಿನಷ್ಟಾಗುವುದು. ಮಸೂರದ ರಂಧ್ರವನ್ನು ಸಾಕಷ್ಟು ಕಿರಿದುಮಾಡಿದರೂ ಸ್ಫುಟವಾಗಿ ಕಾಣುವ ಆಳವು ಸುಮಾರು ಒಂದು ಮಿಲಿಮೀಟರ್ ಮಾತ್ರ. ಇನ್ನೂ ಕಿರಿದುಮಾಡಿದರೆ ಬೆಳಕು ಅಂಚಿನಲ್ಲಿ ಚದರಿ ಚಿತ್ರವೆಲ್ಲ ಮಂಕಾಗುವುದು. ಕಣ್ಣು ಸ್ಫುಟವಾದರೆ ರೆಕ್ಕೆಯು ಮಸುಕು. ರೆಕ್ಕೆಯನ್ನು ಹಿಡಿದರೆ ಕಣ್ಣು ಮಸುಕು. ಛಾಯಾಗ್ರಾಹಕನ ಉಸಿರಾಟದಿಂದಲೇ ಆ ಒಂದು ಮಿಲಿಮೀಟರ್ ಜಾರಿಹೋಗುತ್ತದೆ. ಇದರ ಮೇಲೆ ಗಾಳಿ. ಕೊನೆಗೆ ಹುಳುವೇ ಹಾರಿಹೋಗುತ್ತದೆ.

ಪರೀಕ್ಷೆಯು ಬರುವುದು ಇಲ್ಲಿಯೇ. ಹುಳುವನ್ನು ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಅದು ಮರಗಟ್ಟಿದ ಮೇಲೆ ಎಲೆಯ ಮೇಲೆ ಕೂರಿಸಿ ಚಿತ್ರ ತೆಗೆಯುವ ಉಪಾಯವೊಂದುಂಟು. ಚಿತ್ರವು ಸ್ಫುಟವಾಗಿಯೇ ಬರಬಹುದು. ಚಳಿಯು ಮಿತಿಮೀರಿದರೆ ಹುಳುವು ಸಾಯಲೂಬಹುದು. ಬದುಕಿದರೂ ಚಿತ್ರದಲ್ಲಿರುವುದು ಅದರ ಬಾಳಲ್ಲ, ನಿಸ್ಸಹಾಯತೆ. ಪ್ರಕೃತಿಯಾದರೋ ಇದೇ ಸೌಕರ್ಯವನ್ನು ಹಿಂಸೆಯಿಲ್ಲದೆ ಒದಗಿಸಿದೆ. ಕೀಟಗಳಲ್ಲಿ ಬಹುಪಾಲು ತಮ್ಮ ಮೈಗೆ ಬೇಕಾದ ಶಾಖವನ್ನು ಹೊರಗಿನಿಂದ ಪಡೆಯತಕ್ಕವು. ಆದುದರಿಂದ ಸೂರ್ಯೋದಯಕ್ಕೆ ಮುಂಚೆ, ಮೈಮೇಲೆ ಇಬ್ಬನಿಯನ್ನು ಹೊತ್ತು, ಹುಲ್ಲಿನ ತುದಿಯಲ್ಲಿ ಅಲುಗದೆ ಕುಳಿತಿರುತ್ತವೆ. ರಜೆಯಲ್ಲಿಯೂ ಬೆಳಗಿನ ನಿದ್ದೆಯನ್ನು ಬಿಡಬಲ್ಲವನಿಗೆ ಡಬ್ಬಿಯ ಅವಶ್ಯಕತೆಯೇ ಇಲ್ಲ.

ಇಂಥ ತಾಳ್ಮೆಯು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಅಮೆರಿಕದ ವರ್ಮಾಂಟ್ ಸಂಸ್ಥಾನದ ಜೆರಿಕೋ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿಯು ಉದಾಹರಣೆ. ಸೂಕ್ಷ್ಮದರ್ಶಕಕ್ಕೆ ಕ್ಯಾಮರಾವನ್ನು ಜೋಡಿಸಿ 1885ರ ಜನವರಿ 15ರಂದು ಆತನು ಹಿಮದ ಹರಳೊಂದರ ಚಿತ್ರವನ್ನು ಪಡೆದನು. ಆಗ ಅವನಿಗೆ 20 ವರ್ಷವೂ ತುಂಬಿರಲಿಲ್ಲ. ಉಸಿರು ತಾಗಿದರೂ ಕರಗುವ ಆ ಹರಳುಗಳಿಗಾಗಿ ಅವನು ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ, ಉಸಿರನ್ನು ಬಿಗಿಹಿಡಿದು ಕೆಲಸಮಾಡುತ್ತಿದ್ದನು. ಚಳಿಗಾಲದ ಮೇಲೆ ಚಳಿಗಾಲ ಕಳೆದು 5,000ಕ್ಕೂ ಹೆಚ್ಚು ಚಿತ್ರಗಳಾದವು. 1931ರಲ್ಲಿ ಅವುಗಳಲ್ಲಿ 2,400ಕ್ಕೂ ಹೆಚ್ಚು ಗ್ರಂಥರೂಪದಲ್ಲಿ ಪ್ರಕಟವಾದವು. ಅದೇ ವರ್ಷದ ಡಿಸೆಂಬರಿನಲ್ಲಿ ಆತನು ತೀರಿಕೊಂಡನು. ಹಿಮವು ತನಗಾಗಿ ನಿಲ್ಲಬೇಕೆಂದು ಅವನು ಬಯಸಲಿಲ್ಲ. ಹಿಮಕ್ಕಾಗಿ ತಾನೇ ನಿಂತನು.

ಮಸೂರವನ್ನು ಹಣ ಕೊಟ್ಟು ತರಬಹುದು. ಕಾರಿಕೆಯು ಹೇಳಿದ ನಾಲ್ಕನೆಯ ಅಡ್ಡಿಯನ್ನು, ಎಂದರೆ ನೆಲೆಯಿಲ್ಲದ ಮನಸ್ಸನ್ನು, ನೋಡುವವನು ತಾನೇ ಕಳೆದುಕೊಳ್ಳಬೇಕು. ಒಂದು ರಜೆಯಲ್ಲಿ ಹತ್ತು ಒಳ್ಳೆಯ ಚಿತ್ರಗಳು ದೊರೆಯದಿದ್ದರೂ ಚಿಂತೆಯಿಲ್ಲ. ಒಂದು ಹುಳುವಿನ ಮುಂದೆ ಅದಕ್ಕೆ ತೊಂದರೆಯಾಗದಂತೆ ಅರ್ಧ ಗಂಟೆ ಕುಳಿತಿರಲು ಕಲಿತರೆ, ಆ ರಜೆಯು ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.